ಯಾನಾಚೆಕ್ ಪಿಯಾನೋ: ಫಿರ್ಕುಶ್ನಿಯವರಿಂದ ಶುರು ಮಾಡಿ

ಚೆಕ್ ಸಂಗೀತಗಾರ ಲೆಯೋಶ್ ಯಾನಾಚೆಕ್ ಅವರ ಪಿಯಾನೋ ಕೃತಿಗಳನ್ನು ಕೇಳುವ ಮನಸ್ಸಿದ್ದರೆ ರುಡಾಲ್ಫ್ ಫಿರ್ಕುಶ್ನಿ ನುಡಿಸಿದ್ದನ್ನು ಮೊದಲು ಕೇಳಿ. 1970ರ ದಶಕದ ಆರಂಭದಲ್ಲಿ ಡಾಯ್ಚ ಗ್ರಾಮೋಫೋನ್ ಕಂಪನಿಗೆ ಮಾಡಿದ ಮುದ್ರಣ ಅದು. ಆಮೇಲೆ ಆಂಡ್ರಾಶ್ ಶಿಫ್ ಅವರದ್ದು ಕೇಳಬಹುದು, ಇಸಿಎಂ ಕಂಪನಿಯಿಂದ 2001ರಲ್ಲಿ ಬಂದದ್ದು. ಎರಡೂ ಒಳ್ಳೆಯವೇ. ಆದರೆ ಒಂದನ್ನೇ ಇಟ್ಟುಕೊಳ್ಳಬೇಕು ಎಂದಾದರೆ ನಾನು ಇಟ್ಟುಕೊಳ್ಳುವುದು ಫಿರ್ಕುಶ್ನಿಯವರದ್ದನ್ನು. ಯಾಕೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾನು ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರದವ. ಹಗಲು ಕಂಗಿನ ತೋಟ, ಸಂಜೆಗೆ ಎಲ್ಲಾದರೂ ತಾಳಮದ್ದಳೆ ಉಂಟೆಂದರೆ ಹಿಮ್ಮೇಳದಲ್ಲಿ ಮದ್ದಳೆ. ಪಾಶ್ಚಾತ್ಯ ಸಂಗೀತದ ಶಾಸ್ತ್ರ ಕಲಿತವನಲ್ಲ. ಆದರೆ ಯಾನಾಚೆಕ್ ಕೇಳುವುದಕ್ಕೆ ಬೇಕಾದ ಕಿವಿ ನಮ್ಮ ಕಾಸರಗೋಡಿನವರಿಗೆ ಹುಟ್ಟಿನಿಂದಲೇ ಉಂಟು ಎಂಬುದು ನನ್ನ ನಂಬಿಕೆ. ಬದಿಯಡ್ಕ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತರೆ ಕನ್ನಡ, ತುಳು, ಮಲಯಾಳ, ಹವ್ಯಕ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಕಿವಿಗೆ ಬೀಳುತ್ತವೆ. ಶಬ್ದ ಸ್ಪಷ್ಟ ಆಗುವ ಮೊದಲೇ, ದೂರದಿಂದ ಬರುವ ಏರಿಳಿತದಲ್ಲೇ ಅದು ಯಾವ ಭಾಷೆ, ಜಗಳವೋ ಕುಶಾಲೋ ಎಂದು ಗೊತ್ತಾಗಿಬಿಡುತ್ತದೆ. ಯಾನಾಚೆಕ್ ಅರ್ಧ ಆಯುಷ್ಯ ಬೆನ್ನು ಹಿಡಿದದ್ದು ಈ ಏರಿಳಿತವನ್ನೇ.

ಅವರು ಹುಟ್ಟಿದ್ದು 1854ರಲ್ಲಿ, ಈಗಿನ ಚೆಕ್ ದೇಶದ ಮೊರಾವಿಯಾದ ಹುಕ್ವಾಲ್ಡಿ ಎಂಬ ಊರಿನಲ್ಲಿ, ಶಾಲಾ ಮೇಷ್ಟ್ರ ಮಗನಾಗಿ. ಬಾಳಿದ್ದು ಬ್ರ್ನೋ ಪಟ್ಟಣದಲ್ಲಿ. 1897ರ ಸುಮಾರಿನಿಂದ ಸಾಯುವ ತನಕ, ಅಂದರೆ 1928ರ ವರೆಗೆ, ಜನ ಮಾತಾಡುವುದನ್ನು ಸ್ವರಲಿಪಿಯಲ್ಲಿ ಪುಸ್ತಕಕ್ಕೆ ಇಳಿಸುತ್ತಾ ಹೋದರು. ದಾರಿಯಲ್ಲಿ ಸಿಕ್ಕವರ ಎರಡು ಮಾತು, ಮಕ್ಕಳ ಹಠ, ಹಕ್ಕಿಗಳ ಕೂಗು, ನಾಯಿ ಬೊಗಳುವುದು ಯಾವುದನ್ನೂ ಬಿಟ್ಟವರಲ್ಲ. ಕೊನೆಕೊನೆಗೆ ಒಂದು ಮಾತು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯಲು ಹಿಪ್ ಕ್ರೋನೋಸ್ಕೋಪ್ ಎಂಬ ಯಂತ್ರವನ್ನೂ ಬಳಸಿದರು. 1903ರ ಫೆಬ್ರವರಿಯಲ್ಲಿ ಮಗಳು ಓಲ್ಗಾ ಇಪ್ಪತ್ತನೆಯ ವಯಸ್ಸಿಗೇ ತೀರಿಕೊಂಡಾಗ ಆಕೆಯ ಕೊನೆಯ ಮಾತುಗಳನ್ನೂ ಬರೆದಿಟ್ಟರು. ಕ್ರೂರ ಅನ್ನಿಸಬಹುದು. ನನಗೆ ಹಾಗೆ ಕಾಣುವುದಿಲ್ಲ. ಮಗಳ ದನಿಯನ್ನು ಹಿಡಿದಿಟ್ಟುಕೊಳ್ಳಲು ಆ ಮನುಷ್ಯನಿಗೆ ಗೊತ್ತಿದ್ದ ದಾರಿ ಅದೊಂದೇ.

ಹೀಗಾಗಿ ಇವರ ಸಂಗೀತದಲ್ಲಿ ಉದ್ದುದ್ದ ರಾಗದ ಎಳೆಗಳು ಕಡಿಮೆ. ಎರಡು ಮೂರು ಸ್ವರದ ತುಣುಕು ಬರುತ್ತದೆ, ನಿಲ್ಲುತ್ತದೆ, ಮತ್ತೆ ಅದೇ ಬರುತ್ತದೆ, ಸ್ವಲ್ಪ ಬೇರೆ ದನಿಯಲ್ಲಿ. ನುಡಿಸುವವರಿಗೆ ಇದೇ ಪರೀಕ್ಷೆ. ತಾಳಮದ್ದಳೆಯಲ್ಲಿ ಭಾಗವತರು ಪದ ನಿಲ್ಲಿಸಿ ಅರ್ಥಧಾರಿ ಮಾತು ಎತ್ತುವ ಜಾಗ ಉಂಟಲ್ಲ, ಅಲ್ಲಿ ಮೊದಲ ವಾಕ್ಯ ಇನ್ನೂ ಪದದ ಶ್ರುತಿಯಲ್ಲೇ ಇರುತ್ತದೆ, ಆದರೆ ಅದು ಹಾಡಲ್ಲ, ಮಾತು. ಅನುಭವಿ ಅರ್ಥಧಾರಿಗಳು ಅಲ್ಲಿ ರಾಗ ಎಳೆಯುವುದಿಲ್ಲ. ಯಾನಾಚೆಕ್ ಅವರ ಇಡೀ ಪಿಯಾನೋ ಸಂಗೀತ ಇರುವುದು ಆ ಒಂದು ಜಾಗದಲ್ಲಿ. ಅಲ್ಲಿ ರಾಗ ಎಳೆದರೆ ಕೇಳಲು ಇಂಪು, ಹೇಳಿದ್ದು ಮಾತ್ರ ಕೇಳುವುದಿಲ್ಲ.

ಫಿರ್ಕುಶ್ನಿ ಎಳೆಯುವುದಿಲ್ಲ. ಚಿಕ್ಕ ಹುಡುಗನಾಗಿದ್ದಾಗಲೇ ಬ್ರ್ನೋದಲ್ಲಿ ಯಾನಾಚೆಕ್ ಅವರ ಹತ್ತಿರ ಪಾಠಕ್ಕೆ ಹೋದವರು ಅವರು. 1912ರಲ್ಲಿ ಹುಟ್ಟಿ, ನಾಜಿಗಳು ದೇಶ ಹಿಡಿದ ಮೇಲೆ ಅಮೆರಿಕ ಸೇರಿದವರು, ಕಮ್ಯುನಿಸ್ಟ್ ಆಡಳಿತ ಇರುವಷ್ಟು ಕಾಲ ಪ್ರಾಗ್‌ನಲ್ಲಿ ನುಡಿಸದೆ, ಅದು ಬಿದ್ದ ಮೇಲೆ 1990ರಲ್ಲಿ ಮತ್ತೆ ಅಲ್ಲಿ ನುಡಿಸಿದರು. ಗುರುಗಳು ಮಾತಾಡುವುದನ್ನು ಕಿವಿಯಾರೆ ಕೇಳಿದವರು ನುಡಿಸಿದರೆ ಹೇಗಿರುತ್ತದೆ ಎಂಬುದಕ್ಕೆ ಈ ಮುದ್ರಣ ಸಾಕ್ಷಿ.

ಎಲ್ಲಿಂದ ಶುರು ಮಾಡಬೇಕೆಂದರೆ, ‘1.10.1905’ ಎಂಬ ಸೊನಾಟಾದಿಂದ, ಅಂದರೆ ಹಲವು ಭಾಗಗಳಿರುವ ಪಿಯಾನೋ ಕೃತಿಯಿಂದ. ತಾರೀಕೇ ಹೆಸರು. ಆಗ ಬ್ರ್ನೋದಲ್ಲಿ ಆಡಳಿತ ಜರ್ಮನ್ ಮಾತಿನವರ ಕೈಯಲ್ಲಿತ್ತು. ನಮ್ಮ ಭಾಷೆಯ ವಿಶ್ವವಿದ್ಯಾಲಯ ಬೇಕು ಎಂದು ಚೆಕ್ ಜನ ಬೀದಿಗಿಳಿದರು. ಸೈನ್ಯ ಬಂತು. ಫ್ರಾಂಟಿಶೆಕ್ ಪಾವ್ಲೀಕ್ ಎಂಬ ಇಪ್ಪತ್ತರ ಮರಗೆಲಸದ ಹುಡುಗ ಬಯೋನೆಟ್ ತಿವಿತಕ್ಕೆ ಬಲಿಯಾದ. ಬೆಸೆಡ್ನಿ ದೂಮ್ ಎಂಬ ಸಭಾಭವನದ ಬಿಳಿ ಅಮೃತಶಿಲೆಯ ಮೆಟ್ಟಿಲ ಮೇಲೆ ಅವನ ನೆತ್ತರು ಬಿತ್ತು ಎಂದು ಯಾನಾಚೆಕ್ ಕೃತಿಯ ತಲೆಬರಹದಲ್ಲೇ ಬರೆದರು. ಮೂರು ಭಾಗ ಇದ್ದದ್ದು. 1906ರ ಜನವರಿಯಲ್ಲಿ ಮೊದಲ ಕಛೇರಿಗೆ ಮುಂಚೆ ಮೂರನೆಯದನ್ನು, ಶವಯಾತ್ರೆಯ ಭಾಗವನ್ನು, ಒಲೆಗೆ ಹಾಕಿದರು. ಉಳಿದ ಎರಡನ್ನು ಆಮೇಲೆ ಪ್ರಾಗ್‌ನಲ್ಲಿ ವ್ಲತಾವಾ ಹೊಳೆಗೆ ಎಸೆದರು. ಕಾಗದ ಮುಳುಗದೆ ಬಿಳಿ ಹಂಸಗಳ ಹಾಗೆ ತೇಲಿದವು ಎಂದು ಅವರೇ ನೆನಪಿಸಿಕೊಂಡಿದ್ದಾರೆ. ಅದನ್ನು ಮೊದಲು ನುಡಿಸಿದ ಲುದ್ಮಿಲಾ ತುಚ್ಕೋವಾ ಒಂದು ಪ್ರತಿ ಜೋಪಾನ ಮಾಡಿ ಇಟ್ಟುಕೊಂಡದ್ದರಿಂದ 1924ರಲ್ಲಿ, ಯಾನಾಚೆಕ್ ಅವರಿಗೆ ಎಪ್ಪತ್ತಾದ ವರ್ಷ, ಎರಡು ಭಾಗ ಅಚ್ಚಾದವು. ಆ ಹೆಂಗಸಿಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ.

ಕಾಸರಗೋಡಿನ ಕನ್ನಡಿಗನಿಗೆ ಈ ಕಥೆಯನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಕಯ್ಯಾರ ಕಿಂಞಣ್ಣ ರೈಗಳಂಥವರು ಕೊನೆಯ ತನಕ ಹೋರಾಡಿದರು. ಚಂದ್ರಗಿರಿ ಹೊಳೆಯ ಉತ್ತರದ ನೆಲ ಮೈಸೂರಿಗೆ ಸೇರಬೇಕು ಎಂದು 1967ರಲ್ಲಿ ಮಹಾಜನ ಆಯೋಗ ಬರೆದದ್ದು ಕಾಗದದಲ್ಲೇ ಉಳಿಯಿತು. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈಗಲೂ ಶಾಲೆಗೆ ಕನ್ನಡ ಗೊತ್ತಿಲ್ಲದ ಮೇಷ್ಟ್ರು ಬಂದರೆಂದು ಮಕ್ಕಳ ಹೆತ್ತವರು ಅರ್ಜಿ ಹಿಡಿದುಕೊಂಡು ಓಡಾಡುವುದನ್ನು ನೋಡುತ್ತೇನೆ. ಓದಿಗಾಗಿ, ಅದೂ ತನ್ನ ಭಾಷೆಯ ಓದಿಗಾಗಿ, ಮರಗೆಲಸದ ಹುಡುಗನೊಬ್ಬ ಬೀದಿಗೆ ಬಂದ ಎಂದರೆ ನನಗೆ ಅವನ ಮುಖ ಕಾಣುತ್ತದೆ. ಬ್ರ್ನೋದವರಿಗೆ 1919ರಲ್ಲಿ ವಿಶ್ವವಿದ್ಯಾಲಯ ಸಿಕ್ಕಿತು ಎನ್ನುವುದು ಸಂತೋಷದ ಸಂಗತಿ.

ಈಗ ನುಡಿಸಾಣಿಕೆಗೆ ಬರೋಣ. ಮೊದಲ ಭಾಗದ ಹೆಸರು ‘ಮುನ್ಸೂಚನೆ’. ಮೇಲೆ ಒಂದು ಮೆಲುದನಿಯ ಹಾಡು ಶುರುವಾಗುತ್ತದೆ, ಅಷ್ಟರಲ್ಲಿ ಕೆಳಗಿನಿಂದ ಚುರುಕಾದ ಸಣ್ಣ ತುಣುಕೊಂದು ನಡುವೆ ಬಾಯಿ ಹಾಕುತ್ತದೆ. ಶಿಫ್ ಇದನ್ನು ಹಾಡಿನೊಳಗೆ ಚೆನ್ನಾಗಿ ಹೊಂದಿಸಿಬಿಡುತ್ತಾರೆ, ಕಿವಿಗೆ ತೊಡಕಾಗದ ಹಾಗೆ. ಫಿರ್ಕುಶ್ನಿ ಹೊಂದಿಸುವುದೇ ಇಲ್ಲ. ಅದು ಬೇರೆಯೇ ಮನುಷ್ಯ ಬಾಗಿಲಲ್ಲಿ ಬಂದು ಹೇಳಿದ ಮಾತು ಎಂಬಂತೆ, ಒಣಗಿದ ದನಿಯಲ್ಲಿ, ತಟ್ಟನೆ ಹೇಳಿ ನಿಲ್ಲಿಸುತ್ತಾರೆ. ಆಮೇಲೆ ಆ ತುಣುಕು ಇಡೀ ಭಾಗವನ್ನೇ ಹಿಡಿದುಕೊಳ್ಳುವಾಗ ಕೇಳುವವನ ಎದೆ ಹೊಡೆದುಕೊಳ್ಳುವುದು ಅದಕ್ಕೇ.

ಎರಡನೆಯದು ‘ಸಾವು’. ಒಂದೇ ಒಂದು ತುಣುಕು, ಮೊದಲು ಸಣ್ಣ ಮೌನ, ಆಮೇಲೆ ಕುಂಟುವ ಲಯದ ನಾಲ್ಕು ಹೆಜ್ಜೆ. ಮದ್ದಳೆಯವನಾದ ನನಗೆ ಮುಖ್ಯವಾಗುವುದು ಆ ಮೌನ. ಅದರ ಅಳತೆ ತಪ್ಪಿದರೆ ಉಳಿದದ್ದೆಲ್ಲ ಅಲಂಕಾರ. ಶಿಫ್ ಅವರ ಮೌನ ಸುಂದರ, ಆದರೆ ಕೆಲವು ಕಡೆ ಅವರು ಅದರಲ್ಲಿ ಕುಳಿತುಬಿಡುತ್ತಾರೆ. ಫಿರ್ಕುಶ್ನಿಯವರ ಮೌನದಲ್ಲಿ ಉಸಿರು ಉಂಟು, ಮುಂದಿನ ಮಾತು ಬರಬೇಕೆಂದು ಬಯಸುತ್ತದೆ, ಬರುವುದಿಲ್ಲ, ಮತ್ತೆ ಅದೇ ತುಣುಕು. ಮಧ್ಯದಲ್ಲಿ ಸ್ವರ ಜೋರಾಗಿ ಏರುವಲ್ಲಿ ಅವರು ಪಿಯಾನೋವನ್ನು ಚಚ್ಚುವುದಿಲ್ಲ. ಸಿಟ್ಟು ಕೇಳುತ್ತದೆ, ಗದ್ದಲ ಕೇಳುವುದಿಲ್ಲ. ಇದೊಂದು ಭಾಗಕ್ಕಾಗಿಯೇ ಈ ಮುದ್ರಣ ಬೇಕು.

‘ಹುಲ್ಲು ಮುಚ್ಚಿದ ಹಾದಿಯಲ್ಲಿ’ ಎಂಬ ಗುಚ್ಛದಲ್ಲಿ ಪೈಪೋಟಿ ಇಷ್ಟು ಏಕಪಕ್ಷೀಯ ಅಲ್ಲ. ಹೆಸರಿಟ್ಟ ಹತ್ತು ಸಣ್ಣ ಕೃತಿಗಳು, ಕೆಲವನ್ನು ಮೊದಲು ಬರೆದದ್ದು ಹಾರ್ಮೋನಿಯಂಗೆ, ಪಿಯಾನೋಗೆ ಅಲ್ಲ. ಭಜನಾ ಮಂದಿರದ ಹಾರ್ಮೋನಿಯಂ ಕೇಳಿ ಬೆಳೆದವರಿಗೆ ‘ಫ್ರೀಡೆಕ್‌ನ ಮಾತೆ’ ಎಂಬ ಕೃತಿಯಲ್ಲಿ ದೂರದಿಂದ ಮೆರವಣಿಗೆ ಬರುವಂತಹ ಭಾಗ ಸೀದಾ ಒಳಗೆ ಇಳಿಯುತ್ತದೆ. ಅಲ್ಲಿ ಶಿಫ್ ಅವರದ್ದೇ ಮೇಲುಗೈ, ಅವರ ಬೆರಳಿನಲ್ಲಿ ಆ ನಿಧಾನದ ಸ್ವರಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ‘ಶುಭರಾತ್ರಿ’ಯೂ ಅವರದ್ದೇ ಚಂದ.

ಹತ್ತನೆಯದು ‘ಗೂಬೆ ಇನ್ನೂ ಹಾರಿಹೋಗಿಲ್ಲ’. ಕಾಯಿಲೆಯವರಿರುವ ಮನೆಗೆ ಬಂದ ಗೂಬೆಯನ್ನು ಓಡಿಸಲಾಗದಿದ್ದರೆ ಸಾವು ಖಂಡಿತ ಎಂಬ ನಂಬಿಕೆ ಆ ಕಡೆಯದ್ದು. ಈ ಕಡೆಯದ್ದೂ ಹೌದು. ನಮ್ಮ ಮಲಯಾಳಿ ನೆರೆಯವರು ಕಾಲನ್‌ಕೋಳಿ ಎನ್ನುವ ಹಕ್ಕಿ ತೋಟದಲ್ಲಿ ಕೂಗಿದರೆ ನನ್ನ ಅಜ್ಜಿ ಎದ್ದು ಹೋಗಿ ಒಲೆಗೆ ಉಪ್ಪು ಹಾಕುತ್ತಿದ್ದರು. ಕೃತಿಯಲ್ಲಿ ರೆಕ್ಕೆ ಬಡಿತ, ಕೂಗು, ಆಮೇಲೆ ಪ್ರಾರ್ಥನೆಯಂತಹ ಸಮಾಧಾನದ ಹಾಡು, ಮತ್ತೆ ರೆಕ್ಕೆ. ಶಿಫ್ ಅವರಲ್ಲಿ ಗೂಬೆ ಒಂದು ಚಿತ್ರ. ಫಿರ್ಕುಶ್ನಿಯವರಲ್ಲಿ ಅದು ಮಾಡಿನ ಮೇಲೆ ಕೂತಿದೆ.

ಕೇಳುವ ಅನುಕೂಲದ ಬಗ್ಗೆಯೂ ಹೇಳಬೇಕು. ಶಿಫ್ ಅವರ ಮುದ್ರಣ ಬಹಳ ಮೆದು, ಹಿನ್ನೆಲೆಯ ಮೌನವನ್ನೂ ಹಿಡಿದಿಟ್ಟ ಮುದ್ರಣ. ಆಟಿಯ ಮಳೆ ತಗಡಿನ ಮೇಲೆ ಸುರಿಯುವಾಗ, ಪಕ್ಕದ ತೋಟದಲ್ಲಿ ಕಂಗಿಗೆ ಮದ್ದು ಬಿಡುವ ಪಂಪು ಓಡುವಾಗ ಅದರ ಅರ್ಧ ಕೇಳಿಸುವುದೇ ಇಲ್ಲ. ರಾತ್ರಿ, ಕಿವಿಗೆ ಮುಚ್ಚಿಕೊಳ್ಳುವ ಹೆಡ್‌ಫೋನಿನಲ್ಲಿ ಕೇಳಿ. ಫಿರ್ಕುಶ್ನಿಯವರದ್ದು ಹಳೆಯ ಮುದ್ರಣ, ದನಿ ಸ್ವಲ್ಪ ಒಣ, ಆದರೆ ಸಾಧಾರಣ ಸ್ಪೀಕರಿನಲ್ಲೂ ಮಾತು ಸ್ಪಷ್ಟ. ಹಣ ಕಟ್ಟದೆ ಆ್ಯಪ್‌ನಲ್ಲಿ ಕೇಳುವವರು ಹಾಡುಗಳ ಕ್ರಮ ಕಲಸಿಹೋಗುತ್ತದೋ ಎಂದು ನೋಡಿಕೊಳ್ಳಿ. ‘ಸಾವು’ ಮುಗಿದ ಕೂಡಲೇ ಜಾಹೀರಾತು ಬಂದರೆ ತಡೆಯಲಿಕ್ಕಾಗುವುದಿಲ್ಲ.

ಪಿಯಾನೋ ರುಚಿಸಿದರೆ ಮುಂದಿನ ಹೆಜ್ಜೆ ಎರಡು ಸ್ಟ್ರಿಂಗ್ ಕ್ವಾರ್ಟೆಟ್‌ಗಳು, ಅಂದರೆ ನಾಲ್ಕು ತಂತಿವಾದ್ಯಗಳ ಕೃತಿಗಳು, 1923ರದ್ದು ಮತ್ತು ‘ಆಪ್ತ ಪತ್ರಗಳು’ ಎಂಬ 1928ರದ್ದು. ಎರಡನೆಯದು ತನಗಿಂತ ಮೂವತ್ತೇಳು ವರ್ಷ ಚಿಕ್ಕವಳಾದ ಕಮಿಲಾ ಸ್ಟೋಸ್ಲೋವಾ ಎಂಬಾಕೆಗೆ ಬರೆದ ನೂರಾರು ಪತ್ರಗಳ ಸಂಗೀತ. ಪಾವೆಲ್ ಹಾಸ್ ಕ್ವಾರ್ಟೆಟ್ ಇದನ್ನು 2006ರಲ್ಲಿ ಸುಪ್ರಾಫೋನ್‌ಗೆ ನುಡಿಸಿದ್ದು ನನ್ನ ಆಯ್ಕೆ. ಪಿಟೀಲುಗಳು ಗಂಟಲು ಕಟ್ಟಿದ ಹಾಗೆ ಮಾತಾಡುತ್ತವೆ, ಬೇಕೆಂದೇ ಒರಟಾಗಿ. ಕರ್ನಾಟಕ ಸಂಗೀತದ ಪಿಟೀಲಿಗೆ ಒಗ್ಗಿದ ನನ್ನ ಹೆಂಡತಿಗೆ ಆ ಒರಟುತನ ಹಿಡಿಸಲಿಲ್ಲ. ನನಗೆ ಅದೇ ಸರಿ ಅನ್ನಿಸುತ್ತದೆ. ಪಾವೆಲ್ ಹಾಸ್ ಎಂದರೆ ಯಾನಾಚೆಕ್ ಅವರ ಶಿಷ್ಯ, ಬ್ರ್ನೋದವರು, 1944ರಲ್ಲಿ ಆಶ್‌ವಿಟ್ಜ್‌ನಲ್ಲಿ ಕೊಲ್ಲಲ್ಪಟ್ಟವರು. ಅದೇ ಆಶ್‌ವಿಟ್ಜ್‌ನಿಂದ ಬದುಕಿ ಬಂದವರು ವಾದ್ಯವೃಂದ ನಿರ್ದೇಶಕ ಕರೆಲ್ ಆಂಚೆರ್ಲ್. ಚೆಕ್ ಫಿಲ್ಹಾರ್ಮೋನಿಕ್ ಜೊತೆ 1961ರಲ್ಲಿ ಅವರು ಮಾಡಿದ, ಯಾನಾಚೆಕ್ ವಾದ್ಯವೃಂದಕ್ಕೆ ಬರೆದ ‘ಸಿನ್ಫೋನಿಯೆಟ್ಟಾ’ವನ್ನು ಮೀರಿಸಿದ್ದು ನಾನು ಕೇಳಿಲ್ಲ. ಆರಂಭದಲ್ಲೇ ಒಂಬತ್ತು ಟ್ರಂಪೆಟ್ ಒಟ್ಟಿಗೆ ಬರುತ್ತವೆ. ಚಾರ್ಲ್ಸ್ ಮೆಕೆರಸ್ ವಿಯೆನ್ನಾ ಫಿಲ್ಹಾರ್ಮೋನಿಕ್ ಜೊತೆ 1980ರಲ್ಲಿ ಮಾಡಿದ್ದರಲ್ಲಿ ಆ ಹಿತ್ತಾಳೆ ಥಳಥಳ ಹೊಳೆಯುತ್ತದೆ. ಆಂಚೆರ್ಲ್ ಅವರದ್ದರಲ್ಲಿ ಹೊಳಪು ಕಡಿಮೆ, ಊರಿನ ಬ್ಯಾಂಡಿನವರು ಬೀದಿಯಲ್ಲಿ ನಿಂತು ಊದುವ ಬಿಸಿ ಉಂಟು. ಬಿಡುಗಡೆಯಾದ ಬ್ರ್ನೋ ಪಟ್ಟಣದ ಸಂಗೀತ ಅದು, ಬಿಸಿಯೇ ಬೇಕು.

ಆಪೆರಾಗಳಿಗೆ, ಅಂದರೆ ಹಾಡಿನಲ್ಲೇ ನಡೆಯುವ ನಾಟಕಗಳಿಗೆ ಮಾತ್ರ ಮೆಕೆರಸ್ ಅವರನ್ನೇ ನಂಬಿ. ಡೆಕ್ಕಾ ಕಂಪನಿಗೆ 1976ರಿಂದ 1982ರ ವರೆಗೆ ಅವರು ಮಾಡಿದ ಸರಣಿಯಲ್ಲಿ ಎಲ್ಲವೂ ಚೆಕ್ ಭಾಷೆಯಲ್ಲೇ ಇವೆ. ಬೇರೆ ಭಾಷೆಗೆ ತಂದು ಹಾಡಿದ ಮುದ್ರಣಗಳನ್ನು ಬಿಟ್ಟುಬಿಡಿ. ಮಾತಿನ ಏರಿಳಿತವನ್ನೇ ಸ್ವರ ಮಾಡಿದ ಮೇಲೆ ಮಾತು ಬದಲಾಯಿಸಿದರೆ ಉಳಿಯುವುದೇನು? 1981ರ ‘ಜಾಣ ಹೆಣ್ಣು ನರಿ’ಯನ್ನು ಮೊದಲು ಎತ್ತಿಕೊಳ್ಳಿ. ಪತ್ರಿಕೆಯಲ್ಲಿ ಚಿತ್ರಗಳ ಜೊತೆ ಧಾರಾವಾಹಿಯಾಗಿ ಬಂದ ಕಥೆ ಅದು. ಅಂತರ್ಜಾಲದಲ್ಲಿ ಸಾಹಿತ್ಯದ ಇಂಗ್ಲಿಷ್ ಅನುವಾದ ಸಿಗುತ್ತದೆ, ಎದುರು ಇಟ್ಟುಕೊಂಡರೆ ಸಾಕು. ಮೊದಲ ಅಂಕದಲ್ಲಿ ಸಾಕಿದವರ ಅಂಗಳದಲ್ಲಿ ಕಟ್ಟಿಹಾಕಿದ ನರಿ, ಹುಂಜದ ದಬ್ಬಾಳಿಕೆಯ ವಿರುದ್ಧ ಎದ್ದೇಳಿ ಎಂದು ಹೇಂಟೆಗಳಿಗೆ ಭಾಷಣ ಮಾಡುತ್ತಾಳೆ. ಅವು ಕೇಳದಿದ್ದಾಗ ಸತ್ತಂತೆ ಬಿದ್ದು, ಹತ್ತಿರ ಬಂದವನ್ನೆಲ್ಲ ಮುಗಿಸುತ್ತಾಳೆ. ನರಿಯ ಪಾತ್ರದ ಲೂಚಿಯಾ ಪಾಪ್ ಆ ಭಾಷಣವನ್ನು ಹಾಡುವುದನ್ನು ಅನುವಾದ ಮುಚ್ಚಿಟ್ಟು ಒಮ್ಮೆ ಕೇಳಿ, ಒಂದು ಶಬ್ದ ಗೊತ್ತಿಲ್ಲದೆಯೂ ಎಲ್ಲಿ ಆಕೆ ಪುಸಲಾಯಿಸುತ್ತಿದ್ದಾಳೆ, ಎಲ್ಲಿ ತಾಳ್ಮೆ ತಪ್ಪಿತು ಎಂದು ಗೆರೆ ಎಳೆದು ತೋರಿಸಬಹುದು.