ಒಂದು ನೆರವು ಕೇಂದ್ರದ ಸೇವೆ: ಹಕ್ಕು ಕೇಳಲು ಹೋದವರ ಅನುಭವ

ದೃಷ್ಟಿ ಬಹುಮಟ್ಟಿಗೆ ಕುಂದಿರುವ ನನ್ನ ಚಿಕ್ಕಮ್ಮನವರ ಮಾಸಾಶನದ ಅರ್ಜಿಗಾಗಿ ಅವರೊಂದಿಗೆ ಮೂರು ಬಾರಿ ಒಂದು ಸಮಾಜ ಕಲ್ಯಾಣ ನೆರವು ಕೇಂದ್ರಕ್ಕೆ ಹೋಗಿಬಂದೆ. ಅಲ್ಲಿನ ಸೇವೆಯನ್ನು ಕುರಿತು ಬರೆಯುವುದು ಮುಂದೆ ಹೋಗುವವರಿಗೆ ಉಪಯೋಗವಾದೀತು.

ಮೆಚ್ಚಬೇಕಾದದ್ದನ್ನು ಮೊದಲು ಹೇಳುತ್ತೇನೆ. ಗಾಲಿಕುರ್ಚಿಗೆ ಇಳಿಜಾರು ದಾರಿಯಿದೆ, ಟೋಕನ್ ಸಂಖ್ಯೆಯನ್ನು ಕೂಗಿ ಹೇಳುತ್ತಾರೆ. ಅರ್ಜಿ ತುಂಬಿಕೊಟ್ಟ ಸಿಬ್ಬಂದಿ, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮುನ್ನ, ಬರೆದದ್ದನ್ನೆಲ್ಲ ನಿಧಾನವಾಗಿ ಓದಿ ಹೇಳಿದರು.

ಎರಡನೆಯ ಭೇಟಿಯಲ್ಲಿ ಮಾತ್ರ ಮನಸ್ಸಿಗೆ ನೋವಾಯಿತು. ಮಕ್ಕಳು ಏಕೆ ನೋಡಿಕೊಳ್ಳುವುದಿಲ್ಲ, ಮನೆಯಲ್ಲಿ ಗಳಿಸುವವರು ಯಾರು ಎಂಬ ಪ್ರಶ್ನೆಗಳನ್ನು ಕೌಂಟರಿನಲ್ಲಿದ್ದವರು ಸರತಿಯಲ್ಲಿ ನಿಂತವರಿಗೆಲ್ಲ ಕೇಳುವಂತೆ ಕೇಳಿದರು. ಹೊರಗೆ ಬಂದ ಚಿಕ್ಕಮ್ಮ, "ಬೇಡ ಬಿಡು, ಹೇಗೋ ಆಗುತ್ತದೆ" ಎಂದರು. ಅರ್ಹತೆಯಿದ್ದೂ ಎಷ್ಟೋ ಮಂದಿ ನೆರವಿನಿಂದ ದೂರ ಉಳಿಯುವುದಕ್ಕೆ ಈ ನಾಚಿಕೆಯೂ ಒಂದು ಕಾರಣ. ಇಂಗ್ಲೆಂಡಿನ 1834ರ ಬಡವರ ಕಾಯ್ದೆಯು ಇದೇ ನಾಚಿಕೆಯನ್ನು ಸಾಧನವಾಗಿ ಬಳಸಿತ್ತು. ನೆರವು ಬೇಡಿದವರನ್ನು ಸೇರಿಸುವ ದುಡಿಮೆಮನೆಯ ಬದುಕು ಅತ್ಯಂತ ಬಡ ಕೂಲಿಯವನ ಬದುಕಿಗಿಂತಲೂ ಕಷ್ಟವಾಗಿರಬೇಕು ಎಂಬುದೇ ಅದರ ನೀತಿಯಾಗಿತ್ತು. ಆದರೆ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 25ನೆಯ ವಿಧಿಯು ನಿರುದ್ಯೋಗ, ಕಾಯಿಲೆ, ಅಂಗವೈಕಲ್ಯ, ವೈಧವ್ಯ, ಮುಪ್ಪುಗಳಲ್ಲಿ ಭದ್ರತೆ ಪಡೆಯುವುದನ್ನು ಹಕ್ಕೆಂದೇ ಕರೆಯಿತು. ಹಕ್ಕನ್ನು ಕೇಳಲು ಬಂದವರು ತಲೆ ತಗ್ಗಿಸುವಂತಾದರೆ, ಹಣ ಕೈಸೇರಿದರೂ ಕಲ್ಯಾಣವಾಯಿತೆಂದು ನಾನು ಒಪ್ಪಲಾರೆ.

ಇನ್ನೊಂದು ಕೊರತೆಯೂ ಇದೆ. ಕಲ್ಯಾಣವೆಂದರೆ ಮಾಸಾಶನ ಮಾತ್ರವಲ್ಲ. ಆರೈಕೆ, ಆಪ್ತಸಲಹೆ, ಸ್ವಂತವಾಗಿ ಬದುಕಲು ಬೇಕಾದ ತರಬೇತಿ ಇವೂ ಅದರ ಅಂಗಗಳೇ. ಬಿಳಿ ಕೋಲು ಹಿಡಿದು ನಡೆಯುವ ತರಬೇತಿ ಅಲ್ಲಿಂದಲೇ ದೊರೆಯುತ್ತದೆಂಬ ವಿಷಯ ಮೂರನೆಯ ಭೇಟಿಯಲ್ಲಿ, ಅದೂ ನಾವಾಗಿಯೇ ಕೇಳಿದಾಗ, ತಿಳಿಯಿತು. ಮಾಸಾಶನಕ್ಕಿಂತ ಚಿಕ್ಕಮ್ಮನವರ ದಿನಚರಿಯನ್ನು ಹೆಚ್ಚು ಬದಲಿಸಿದ್ದು ಆ ತರಬೇತಿಯೇ. ಈಗ ಅವರು ಒಬ್ಬರೇ ಬೀದಿಯ ತುದಿಯವರೆಗೆ ಹೋಗಿಬರುತ್ತಾರೆ.

ಇಷ್ಟೆಲ್ಲ ಇದ್ದರೂ, ಅಗತ್ಯವಿರುವವರು ಈ ಕೇಂದ್ರಕ್ಕೆ ಹೋಗಬೇಕೆಂದೇ ಹೇಳುತ್ತೇನೆ. ಸಲ್ಲಿಸಿದ ಅರ್ಜಿಗೆ ಸ್ವೀಕೃತಿ ಪತ್ರವನ್ನು ತಪ್ಪದೆ ಪಡೆಯಿರಿ. ಮನೆಯ ವಿಷಯ ಮಾತನಾಡಲು ಒಳಗಡೆ ಪ್ರತ್ಯೇಕ ಕೊಠಡಿಯಿದೆ. ಅದಕ್ಕೆ ಫಲಕವಿಲ್ಲ, ಕೇಳಿದವರಿಗೆ ಮಾತ್ರ ತೆರೆಯುತ್ತಾರೆ. ಆದ್ದರಿಂದ ಕೌಂಟರಿನಲ್ಲಿ ಮೊದಲ ಪ್ರಶ್ನೆ ಬರುವ ಮುನ್ನವೇ ಆ ಕೊಠಡಿಯನ್ನು ಕೇಳಿ.