ಕೈಲಿ ಹಿಡಿಯೋ ಸ್ಪೆಕ್ಟ್ರೋಸ್ಕೋಪ್: ಡಬ್ಬ ಸುಮಾರು, ಒಳಗೆ ಕಾಣೋದು ಭಾರಿ

ಬೆಳಕನ್ನ ಅದರ ಬಣ್ಣಗಳಾಗಿ ಬಿಡಿಸಿ ತೋರ್ಸೋ ಡಬ್ಬ ಇದು. ಒಂದು ತುದೀಲಿ ಸಣ್ಣ ಸೀಳು, ಒಳಗೆ ಗ್ರೇಟಿಂಗ್ ಫಿಲ್ಮು (ಬೆಳಕು ಬಿಡಿಸೋ ಸಣ್ಣ ಗೀರುಗಳ ಹಾಳೆ), ಪಕ್ಕದಲ್ಲಿ ಬೆಳಕಿನ ಅಲೆಯ ಉದ್ದ ತೋರ್ಸೋ ನ್ಯಾನೋಮೀಟರ್ ಸ್ಕೇಲು, ಅಷ್ಟೇ. ಬಾಡಿ ಪೂರ್ತಿ ಪ್ಲಾಸ್ಟಿಕ್, ಸ್ಕೇಲ್ ಆಚೀಚೆ ಕೂತಿರತ್ತೆ, ಅದಕ್ಕೆ ಮೊದಲು ಹಳೇ ಸಿಎಫ್ಎಲ್ ಬಲ್ಬ್ ಕಡೆ ಹಿಡಿದು ಅದರೊಳಗಿನ ಪಾದರಸದ 546 ನ್ಯಾನೋಮೀಟರಿನ ಹಸಿರು ಗೆರೆ ಎಲ್ಲಿ ಬರತ್ತೆ ನೋಡ್ಕೊಂಡ್ಬಿಡಿ. ಎಲ್ಇಡಿ ಬಲ್ಬಲ್ಲಿ ಗೆರೆ ಹುಡುಕೋಕೆ ಹೋಗ್ಬೇಡಿ, ಸಾಮಾನ್ಯವಾಗಿ ಬರೀ ಬಣ್ಣದ ಪಟ್ಟಿ. ಸೂರ್ಯನ ಕಡೆ ನೇರ ಹಿಡೀಲೇಬೇಡಿ, ಆಕಾಶದ ಬೆಳಕೇ ಸಾಕು.

ಈಗ ಅಸಲಿ ವಿಷ್ಯ. ಉರಿಗೆ ಚಿಟಿಕೆ ಉಪ್ಪು ಹಾಕಿದ್ರೆ 589ರ ಹತ್ರ ಉಪ್ಪಲ್ಲಿರೋ ಸೋಡಿಯಂನ ಹಳದಿ ಗೆರೆ ಫಳ್ ಅನ್ನತ್ತೆ (ನಿಜಕ್ಕೂ ಅದು ಎರಡು ಗೆರೆ, 589.0 ಮತ್ತೆ 589.6, ಈ ಡಬ್ಬದಲ್ಲಿ ಬಿಡಿಸಿ ಕಾಣಲ್ಲ, ಆಸೆ ಇಟ್ಕೋಬೇಡಿ). ಹಗಲು ಬೆಳಕಲ್ಲಿ ಅದೇ ಜಾಗದಲ್ಲಿ ಮಸುಕಾಗಿ ಕಪ್ಪು ಗೆರೆ, ಸೂರ್ಯನಲ್ಲಿರೋ ಸೋಡಿಯಂ ಆ ಬಣ್ಣ ನುಂಗಿರತ್ತೆ. ಅಂದ್ರೆ 15 ಕೋಟಿ ಕಿಲೋಮೀಟರ್ ಆಚೆ ಇರೋ ಸೋಡಿಯಂಗೂ ಈ ಉಪ್ಪಿನ ಸೋಡಿಯಂಗೂ ಒಂದೇ ಬುದ್ಧಿ! ಹೀಲಿಯಂ ಗೆರೆ ಅಂತೂ 1868ರಲ್ಲಿ ಸೂರ್ಯನ ಬೆಳಕಲ್ಲೇ ಮೊದಲು ಕಂಡಿದ್ದು, ಭೂಮಿ ಮೇಲೆ ಅದನ್ನ ರಸಾಯನ ವಿಜ್ಞಾನಿ ರಾಮ್ಸೆ ಬೇರ್ಪಡಿಸಿದ್ದು 1895ರಲ್ಲಿ.

ನಾವು ಏನಾದ್ರೂ ಕಲಿಯೋಕೆ ಆಗ್ತಿರೋದೇ ಈ ಒಂದೇ ಥರ ಇರೋದ್ರಿಂದ ಅನ್ಸತ್ತೆ ನಂಗೆ. ಒಂದೊಂದು ಪರಮಾಣೂಗೂ ಅದರದ್ದೇ ಖಯಾಲಿ ಇದ್ದಿದ್ರೆ ಒಂದನ್ನ ನೋಡಿ ಇನ್ನೊಂದರ ಬಗ್ಗೆ ಏನೂ ಹೇಳಕ್ಕಾಗ್ತಿರ್ಲಿಲ್ಲ, ಎಷ್ಟು ಡೇಟಾ ಗುಡ್ಡೆ ಹಾಕಿದ್ರೂ ಬರೀ ಬಾಯಿಪಾಠ. ಸ್ವಿಟ್ಜರ್ಲೆಂಡಿನ ಬಾಮರ್ ಅನ್ನೋ ಶಾಲೆ ಮೇಷ್ಟ್ರು 1885ರಲ್ಲಿ ಹೈಡ್ರೋಜನ್ನಿನ ನಾಲ್ಕೇ ನಾಲ್ಕು ಗೆರೆಗಳ ಅಳತೆ ಇಟ್ಕೊಂಡು ಪುಟ್ಟದೊಂದು ಸೂತ್ರ ಹೊಸೆದ್ರು, ಲೆಕ್ಕಕ್ಕೆ ತಗೊಳ್ದೇ ಇದ್ದ ಗೆರೆಗಳಿಗೂ ಅದು ಸರಿಯಾಗಿ ಕೂತ್ಕೊಳ್ತು. ಯಾಕೆ ಕೂತ್ಕೊಳ್ತು ಅಂತ ಭೌತ ವಿಜ್ಞಾನಿ ಬೋರ್ ವಿವರಣೆ ಕೊಟ್ಟಿದ್ದು 1913ರಲ್ಲಿ, ಎಲೆಕ್ಟ್ರಾನ್ ಶಕ್ತಿ ಮೆಟ್ಟಿಲು ಮೆಟ್ಟಿಲಾಗೇ ಇರತ್ತೆ, ಮೆಟ್ಟಿಲಿಳಿದಾಗ ಒಂದೊಂದು ಗೆರೆ ಅಂತ. ಅಲ್ಲೀವರೆಗೆ ಕಾರಣ ಗೊತ್ತಿಲ್ದೇನೆ ಕೆಲಸ ನಡೀತು ನೋಡಿ.

ಸರಿ, ಆದ್ರೆ ಎಲ್ಲಾ ಎಲೆಕ್ಟ್ರಾನೂ ಒಂದೇ ಥರ ಯಾಕಿರಬೇಕು? ವಿಶ್ವ ಹೀಗೆ ಇಲ್ದಿದ್ರೆ ಕೇಳೋಕೆ ನಾವೇ ಇರ್ತಿರ್ಲಿಲ್ಲ ಅಂತಾರೆ ಕೆಲವರು. ನಂಗೆ ಅದು ಅರ್ಧ ಉತ್ತರ. ನಾವು ಬದುಕೋಕೆ ನಮ್ಮ ಸುತ್ತಮುತ್ತ ನೆಟ್ಟಗಿದ್ರೆ ಸಾಕಿತ್ತು, ನೂರಾರು ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸೀಲಿರೋ ಹೈಡ್ರೋಜನ್ನೂ ಅದೇ ಲೆಕ್ಕ ಪಾಲಿಸ್ತಿದೆಯಲ್ಲ (ಗೆರೆಗಳು ಕೆಂಪಿನ ಕಡೆ ಜರುಗಿರ್ತವೆ, ಆದ್ರೆ ಅವುಗಳ ಅನುಪಾತ ಅದೇ), ಅದು ಯಾರಿಗೆ ಬೇಕಾಗಿತ್ತು?

ಕನ್ನಡಕ ಹಾಕೋರಿಗೆ ಒಂದು ಮಾತು, ಕಣ್ಣಿಡೋ ಕಡೆ ರಬ್ಬರ್ ಕೊಟ್ಟಿಲ್ಲ, ಪಕ್ಕದಿಂದ ಬೆಳಕು ನುಗ್ಗತ್ತೆ, ಕೈ ಅಡ್ಡ ಹಿಡ್ಕೋಬೇಕು. ಐದಕ್ಕೆ ನಾಲ್ಕು ಸ್ಟಾರ್.