ಇಂಡಿಯಾನಾದ ಗುತ್ತಿಗೆ ನೆರವು: ಎರಡು ಸ್ಟಾರ್ ಕೊಟ್ಟಿದ್ದೇ ಜಾಸ್ತಿ

ಸರ್ಕಾರಿ ನೆರವನ್ನು ಖಾಸಗಿ ಕಂಪನಿಗೆ ವಹಿಸಿದರೆ ಕೆಲಸ ಚಕಚಕ ಆಗುತ್ತದೆ ಅನ್ನುವವರು ಅಮೆರಿಕದ ಇಂಡಿಯಾನಾ ರಾಜ್ಯದ ಕಡೆ ಒಮ್ಮೆ ನೋಡಬೇಕು. 2006ರ ಕೊನೆಯಲ್ಲಿ ಗವರ್ನರ್ ಮಿಚ್ ಡೇನಿಯಲ್ಸ್ ಸರ್ಕಾರ ಕಂಪ್ಯೂಟರ್ ಕಂಪನಿ ಐಬಿಎಂ ಜೊತೆ 10 ವರ್ಷದ ಒಪ್ಪಂದ ಮಾಡಿಕೊಂಡಿತು. ಮೊತ್ತ 100 ಕೋಟಿ ಡಾಲರ್‌ಗೂ ಮೇಲೆ. ಫುಡ್ ಸ್ಟ್ಯಾಂಪ್ (ಆಹಾರ ಕೊಳ್ಳಲು ನೆರವು), ಮೆಡಿಕೈಡ್ (ಬಡವರ ಆರೋಗ್ಯ ವಿಮೆ), ಬಡ ಕುಟುಂಬಗಳ ನಗದು ನೆರವು, ಮೂರರ ಅರ್ಜಿ ಕೆಲಸವೂ ಅದರೊಳಗೇ ಬಂತು.

ಹಳೆಯ ವ್ಯವಸ್ಥೆಯೇನೂ ಚಿನ್ನವಲ್ಲ ಬಿಡಿ. ಕಾಗದದ ರಾಶಿ, ತಪ್ಪು ಲೆಕ್ಕ, ಕೆಲವು ನೌಕರರೇ ದುಡ್ಡು ಹೊಡೆದ ಪ್ರಕರಣ ಎಲ್ಲಾ ಇತ್ತು. ಹೊಸದರಲ್ಲಿ ಮನೆಯಿಂದಲೇ ಆನ್‌ಲೈನ್ ಅರ್ಜಿ ಹಾಕುವ ಸೌಲಭ್ಯ ನಿಜಕ್ಕೂ ಚೆನ್ನಾಗಿತ್ತು. ಎರಡು ಸ್ಟಾರ್ ಅದಕ್ಕೇ.

ಗೋಳು ಶುರುವಾಗಿದ್ದು ಅರ್ಜಿ ಹಾಕಿದ ಮೇಲೆ. ಮೊದಲು ಕುಟುಂಬಕ್ಕೊಬ್ಬ ಕೇಸ್ ವರ್ಕರ್, ಅಂದರೆ ಫೈಲ್ ನೋಡಿಕೊಳ್ಳುವ ಸಿಬ್ಬಂದಿ, ಇರುತ್ತಿದ್ದರು, ಕಚೇರಿಗೆ ಹೋದರೆ ಅವರಿಗೆ ನಿಮ್ಮ ಮುಖವೂ ಗೊತ್ತು, ಫೈಲೂ ಗೊತ್ತು. ಹೊಸದರಲ್ಲಿ ಕಾಲ್ ಸೆಂಟರ್. ಪ್ರತಿ ಸಲ ಬೇರೆ ದನಿ, ಪ್ರತಿ ಸಲ ಮೊದಲಿಂದ ಕಥೆ ಹೇಳಬೇಕು. ದಾಖಲೆ ಫ್ಯಾಕ್ಸ್ ಮಾಡಿದರೆ ಅದು ಎಲ್ಲೋ ದೂರದ ಕೇಂದ್ರದಲ್ಲಿ ಸ್ಕ್ಯಾನ್ ಆಗಿ ನಿಮ್ಮ ಫೈಲಿಗೇ ಸೇರಬೇಕು, ಒಂದು ಹಾಳೆ ತಪ್ಪಿದರೂ ಮನೆಗೆ ಪತ್ರ ಬರುತ್ತಿತ್ತು: ಅರ್ಜಿದಾರರು ಸಹಕರಿಸಲಿಲ್ಲ, ಅರ್ಜಿ ತಿರಸ್ಕೃತ. ಹಾಳೆ ಕಳೆದವರು ಅವರು, ಸಹಕರಿಸದವರು ನೀವು! ಸಂದರ್ಶನದ ಫೋನ್ ಕರೆ ತಪ್ಪಿದರೂ ಇದೇ ಪಾಡು.

ಕಂಪನಿಯವರು ಕೆಟ್ಟವರು ಅಂತ ಸುಮ್ನೆ ಬೈದರೆ ಪ್ರಯೋಜನವಿಲ್ಲ. ಇಂಥ ಗುತ್ತಿಗೆಗಳಲ್ಲಿ ಎಷ್ಟು ಬೇಗ ಫೋನ್ ಎತ್ತಿದರು, ಎಷ್ಟು ದಿನದಲ್ಲಿ ಫೈಲ್ ಮುಗಿಸಿದರು ಅನ್ನುವುದನ್ನು ಅಳೆಯುವುದು ಸುಲಭ. ಅರ್ಹರಿಗೆ ನೆರವು ಸಿಕ್ಕಿತಾ ಅಂತ ಅಳೆಯುವುದು ಕಷ್ಟ. ತಿರಸ್ಕರಿಸಿದ ಅರ್ಜಿಯೂ ವಿಲೇವಾರಿಯಾದ ಅರ್ಜಿಯೇ ಅಲ್ವಾ?

2009ರ ಅಕ್ಟೋಬರ್‌ನಲ್ಲಿ ಡೇನಿಯಲ್ಸ್ ತಾವೇ ಮಾಡಿಕೊಂಡ ಒಪ್ಪಂದ ರದ್ದು ಮಾಡಿದರು. ಆಮೇಲೆ ಸರ್ಕಾರ ಐಬಿಎಂ ಮೇಲೆ, ಐಬಿಎಂ ಸರ್ಕಾರದ ಮೇಲೆ ಕೇಸು. ವರ್ಷಗಟ್ಟಲೆ ಎಳೆದಾಡಿ, 2017ರಲ್ಲಿ ಸುಮಾರು 7.8 ಕೋಟಿ ಡಾಲರ್ ಕಟ್ಟಿ ಅಂತ ನ್ಯಾಯಾಧೀಶರು ಐಬಿಎಂಗೆ ಹೇಳಿದರು. ಆ ದುಡ್ಡು ಹೋಗುವುದು ಸರ್ಕಾರಕ್ಕೆ, ಅರ್ಜಿ ತಿರಸ್ಕೃತವಾದವರಿಗಲ್ಲ.

ಖಾಸಗಿಯವರು ಪೂರ್ತಿ ಹೊರಗೂ ಹೋಗಲಿಲ್ಲ, ಐಬಿಎಂ ಕೈಕೆಳಗಿದ್ದ ಉಪಗುತ್ತಿಗೆ ಕಂಪನಿ ಕೆಲಸ ಮುಂದುವರಿಸಿತು. ಆನ್‌ಲೈನ್ ಉಳಿಯಿತು, ಜೊತೆಗೆ ಕಚೇರಿಯಲ್ಲಿ ಎದುರು ಕೂತು ಮಾತಾಡುವ ಸಿಬ್ಬಂದಿ ವಾಪಸ್ ಬಂದರು. ಹಾಗಾಗಿ ಇಂಥ ಟೆಂಡರ್ ಎಲ್ಲೇ ಕಂಡರೂ ನಾನು ಮೊದಲು ಹುಡುಕುವುದು ಎರಡೇ: ತಪ್ಪಾಗಿ ತಿರಸ್ಕರಿಸಿದರೆ ಕಂಪನಿಗೆ ದಂಡ ಇದೆಯಾ, ನನ್ನ ಫೈಲಿಗೆ ಹೊಣೆ ಹೊರುವವರು ಯಾರಾದರೂ ಇದ್ದಾರಾ.